ನಾಲ್ಕು ಕೋಳಿಗೆ ಹಿತ್ತಲು ಸಾಕಾಗುತ್ತಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 30x40 ಸೈಟು. ಹಿತ್ತಲಲ್ಲಿ ಸ್ವಲ್ಪ ಜಾಗ ಇದೆ. ಮೊಟ್ಟೆಗೆ ಅಂತ ನಾಲ್ಕು ಕೋಳಿ ಸಾಕುವ ಆಸೆ. ಹುಂಜ ಬೇಕೇ ಬೇಕಾ? ಪಕ್ಕದ ಮನೆಯವರು ಈಗಲೇ ‘ವಾಸನೆ ಬರುತ್ತೆ’ ಅಂತಿದ್ದಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಸಾಕಿ. ಹುಂಜ ಬೇಡ. ಅದಿಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ನಸುಕಿಗೇ ಕೂಗಿ ಬೀದಿಯವರ ನಿದ್ದೆ ಕೆಡಿಸುವುದು ಸರಿಯಲ್ಲ ಅಲ್ವಾ? ತಳಿ ಕೇಳಿದರೆ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ಎರಡೂ ಹಿತ್ತಲಿಗೆ ಹೊಂದುತ್ತವೆ. ಮೊಟ್ಟೆಗೆ ಸ್ವರ್ಣಧಾರಾ ವಾಸಿ.

ವಾಸನೆ ಹುಟ್ಟುವುದು ತೇವದಿಂದ. ಗೂಡಿನ ನೆಲಕ್ಕೆ ಮೂರು ಇಂಚು ಭತ್ತದ ಹೊಟ್ಟು ಹರಡಿ, ವಾರಕ್ಕೆರಡು ಸಲ ಕೆದಕಿ. ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿ ನೋಡಿ. ಕೈ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ. ಸ್ವಲ್ಪ ಸುಣ್ಣದ ಪುಡಿ, ಹೊಸ ಹೊಟ್ಟು ಸೇರಿಸಿ. ನೀರಿನ ಬಟ್ಟಲ ಸುತ್ತ ಮೊದಲು ನೋಡಿ, ಒದ್ದೆ ಶುರುವಾಗುವುದೇ ಅಲ್ಲಿ.

ಬರೀ ಮಿಕ್ಕಿದ ಅನ್ನ ಹಾಕಿದರೆ ಮೊಟ್ಟೆ ಕಡಿಮೆಯಾಗುತ್ತದೆ, ಪಾಪ, ಕೋಳಿಯೂ ಸೊರಗುತ್ತದೆ. ಒಂದಕ್ಕೆ ದಿನಕ್ಕೆ 100–120 ಗ್ರಾಂ ಮೊಟ್ಟೆ ಕೋಳಿ ಫೀಡ್ ಬೇಕು. ಜೊತೆಗೆ ಕಪ್ಪೆಚಿಪ್ಪಿನ ಪುಡಿ ಇಡಿ, ಇಲ್ಲದಿದ್ದರೆ ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ.

ರಾತ್ರಿ ಬೆಕ್ಕು, ಮುಂಗುಸಿ, ಹೆಗ್ಗಣಗಳ ಕಾಟ ಇದ್ದೇ ಇರುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ, ತೆಳು ಕೋಳಿ ಜಾಲರಿ ಸಾಲದು. ಕೋಳಿ ತರುವಾಗ ಕೊಕ್ಕರೆ ರೋಗದ (ರಾಣಿಖೇತ್ ಎನ್ನುವ ಕೋಳಿಗಳ ಸೋಂಕು) ಲಸಿಕೆ ಆಗಿದೆಯಾ ಅಂತ ಕೇಳದೆ ದುಡ್ಡು ಕೊಡಬೇಡಿ.