ಸಂಪಾದಕರ ಉತ್ತರ: ದೊಡ್ಡ ಡೈನಮೊ ಬೇಡ ಅಂದವರು ಯಾರು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಡಿಸಿ ಕರೆಂಟ್ ಸೋತಿದ್ದು ಎಡಿಸನ್ ಹಟದಿಂದ. ಇನ್ನೂ ದೊಡ್ಡ ಡಿಸಿ ಜನರೇಟರ್ ಕಟ್ಟೋದು ಬೇಡ ಅಂದವರು ಯಾರು?"

ಕಮ್ಯುಟೇಟರ್ ಬೇಡ ಅಂದಿತು ಸ್ವಾಮಿ.

ಎಡಿಸನ್ ಹಟಮಾರಿ, ಒಪ್ಪಿದೆ. ಟ್ರಾನ್ಸ್‌ಫಾರ್ಮರ್ ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟಿಗೆ ಮಾತ್ರ ಒಗ್ಗುತ್ತದೆ, ಒಂದೇ ದಿಕ್ಕಿಗೆ ಹರಿಯುವ ಡಿಸಿಗಲ್ಲ, ಅದೂ ಸರಿ. ಆದರೆ ಡಿಸಿ ಹಿಡಿದ ಎಡಿಸನ್, ಎಸಿ ಹಿಡಿದ ಟೆಸ್ಲಾ, ಇವರ ಜಗಳ ಕೇಳಿ ಕೇಳಿ ನನಗೆ ಸಾಕಾಗಿದೆ. ಮೆಷಿನ್ ಒಳಗೆ ಇಣುಕುವವರೇ ಇಲ್ಲ.

ಕಮ್ಯುಟೇಟರ್ ಅಂದರೆ ತಾಮ್ರದ ಪಟ್ಟಿಗಳನ್ನು ಜೋಡಿಸಿದ ಉರುಳೆ. ಡಿಸಿ ಜನರೇಟರ್‌ನ ತಿರುಗುವ ಸುರುಳಿಯಲ್ಲಿ ಹುಟ್ಟುವ ಎಸಿಯನ್ನು ಡಿಸಿ ಮಾಡಿ ಹೊರಗೆ ಕೊಡುವುದು ಇದೇ. ಪಟ್ಟಿಗಳ ನಡುವೆ ಅಭ್ರಕದ ತೆಳು ಹಾಳೆ, ಮೇಲೆ ಒತ್ತಿಕೊಂಡ ಕಾರ್ಬನ್ ಬ್ರಷ್. ಮಿಕ್ಸಿಯ ಕಿಂಡಿಯಲ್ಲಿ ನೀಲಿ ಕಿಡಿ ಕಂಡಿದ್ದೀರಲ್ಲ, ಅದು ಇದೇ ಜಾಗ. ಅಕ್ಕಪಕ್ಕದ ಪಟ್ಟಿಗಳ ನಡುವೆ 30-40 ವೋಲ್ಟ್ ದಾಟಿತೋ, ಕಿಡಿ ಇಡೀ ಉರುಳೆಯನ್ನೇ ಸುತ್ತಿಬಿಡಬಹುದು. ವೋಲ್ಟೇಜ್ ಜಾಸ್ತಿ ಬೇಕಾದರೆ ಪಟ್ಟಿಗಳೂ ಜಾಸ್ತಿ ಬೇಕು, ಉರುಳೆ ದಪ್ಪವಾಗುತ್ತದೆ. ದಪ್ಪ ಉರುಳೆಯನ್ನು ಜೋರಾಗಿ ತಿರುಗಿಸಿದರೆ ತಾಮ್ರ ಕಿತ್ತು ಬರುತ್ತದೆ.

1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ಕೂರಿಸಿದ 'ಜಂಬೊ' ಡೈನಮೊ, ಅಂದರೆ ಡಿಸಿ ಜನರೇಟರ್, ಸುಮಾರು 27 ಟನ್ ತೂಕ. ಕೊಡುತ್ತಿದ್ದದ್ದು ಸುಮಾರು 100 ಕಿಲೋವ್ಯಾಟ್. ಎರಡು ವರ್ಷದಲ್ಲೇ ಇಂಗ್ಲೆಂಡಿನಲ್ಲಿ ಪಾರ್ಸನ್ಸ್ ಹಬೆ ಟರ್ಬೈನ್ ಮಾಡಿದ, ನಿಮಿಷಕ್ಕೆ 18,000 ಸುತ್ತು! ಅದಕ್ಕೆ ಕಟ್ಟಿದ್ದೂ ಡಿಸಿ ಡೈನಮೊನೇ, ಆದರೆ 7.5 ಕಿಲೋವ್ಯಾಟಿನ ಪುಟಾಣಿ. ಟರ್ಬೈನ್ ಬೆಳೆಯುತ್ತಾ ಹೋಯಿತು, ಕಮ್ಯುಟೇಟರ್‌ಗೆ ಆಗಲಿಲ್ಲ. ಎಸಿ ಹುಟ್ಟಿಸುವ ಆಲ್ಟರ್ನೇಟರ್‌ಗೆ ಈ ತಾಪತ್ರಯವಿಲ್ಲ. ಅದರಲ್ಲಿ ಭಾರಿ ಕರೆಂಟಿನ ಸುರುಳಿ ಅಲ್ಲಾಡದೆ ಕೂತಿರುತ್ತದೆ.

ಹಟ ಅಂದರೆ ಸ್ವಿಟ್ಜರ್ಲೆಂಡಿನ ರೆನೆ ಥ್ಯೂರಿಯದು. ಒಂದು ಡಿಸಿ ಮೆಷಿನ್‌ನಿಂದ ಆಗದಿದ್ದರೆ ಹಲವು ಇರಲಿ ಅಂತ ಸಾಲಾಗಿ ಸೀರೀಸ್‌ನಲ್ಲಿ ಜೋಡಿಸಿದ. 1906ರಲ್ಲಿ ಫ್ರಾನ್ಸಿನ ಮೂಟಿಯೆಯಿಂದ ಲಿಯೋನ್‌ಗೆ 50 ಸಾವಿರ ವೋಲ್ಟಿಗೂ ಮೇಲ್ಪಟ್ಟ ಡಿಸಿ ಹರಿಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಇವನಿಗೆ ಒಂದು ಸಾಲು ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಡಿಸಿ ಸೋತಿತು ಅಂತೀರಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಬಂದಿದ್ದು ಎಸಿ, ನಿಜ. ಈಗ ಒಡಿಶಾದ ತಾಲ್ಚೇರ್‌ನಿಂದ ಅದೇ ಕೋಲಾರದ ಕಡೆಗೆ ಬರುವುದು 500 ಕಿಲೋವೋಲ್ಟ್ ಡಿಸಿ. ಹುಟ್ಟುವಾಗ ಎಸಿ, ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ದಾಟಿದ ಮೇಲೆ ಡಿಸಿ. ಬ್ರಷ್ಷೂ ಇಲ್ಲ, ಕಿಡಿಯೂ ಇಲ್ಲ.

ಪರೀಕ್ಷೆಯಲ್ಲಿ ಕಮ್ಯುಟೇಟರ್ ಚಿತ್ರ ಬಿಡಿಸಿ ಪೂರ್ತಿ ಮಾರ್ಕು ತೆಗೆದವರು ಅದನ್ನು ಮುಟ್ಟಿ ನೋಡಿರುವುದಿಲ್ಲ. ವೈಂಡಿಂಗ್ ಅಂಗಡಿಯ ಹುಡುಗನನ್ನು ಕೇಳಿ. ತಾಮ್ರ ಸವೆದು ಅಭ್ರಕ ಮೇಲೆದ್ದರೆ ಬ್ರಷ್ ಕುಣಿಯುತ್ತದೆ, ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದು ತಗ್ಗಿಸಬೇಕು ಅಂತಾನೆ. ಮುಂದಿನ ಪತ್ರಕ್ಕೆ ಮುಂಚೆ ಅಂಥ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ನಿಮ್ಮೂರಲ್ಲೇ ಬೇಕಾದಷ್ಟಿವೆ.