ಪ್ರಯಾಣಕ್ಕೆ ನಂಬಬಹುದಾದ ಬ್ಯಾಗ್, ಶೂ, ಸಾಮಾನು ಆರಿಸೋದು ಹೇಗೆ? ಏನೇನು ತುಂಬಿಕೊಳ್ಳಬೇಕು?

ಮೊದಲ ಸಲ ಒಬ್ಬರೇ ಹತ್ತು ಹನ್ನೆರಡು ದಿನ ಹೊರಟಿದ್ದೀರಿ. ಬಸ್ಸು, ರೈಲು, ಒಂದೆರಡು ವಿಮಾನ, ಮಧ್ಯೆ ಎರಡು ದಿನ ಬೆಟ್ಟ ಹತ್ತೋದೂ ಇದೆ ಅಂದಿದ್ದೀರಿ. ಯಾವುದಕ್ಕೆ ದುಡ್ಡು ಹಾಕಲಿ, ಯಾವುದರಲ್ಲಿ ಉಳಿಸಲಿ, ಬ್ಯಾಗಿಗೆ ಏನೇನು ತುಂಬಲಿ ಅನ್ನೋದು ನಿಮ್ಮ ಪ್ರಶ್ನೆ. ಹದಿನೈದು ವರ್ಷದಿಂದ ಬ್ಯಾಗ್ ಹೊತ್ತು ಓಡಾಡುತ್ತಿದ್ದೇನೆ. ತಪ್ಪು ಸಾಮಾನು ಕೊಂಡು ಪೇಚಾಡಿದ್ದೂ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಯಾವ ವಸ್ತು ಕೈಗೆತ್ತಿಕೊಂಡರೂ ನಾನು ಮೊದಲು ಕೇಳಿಕೊಳ್ಳೋದು ಇಷ್ಟೇ: ಇದು ದಾರಿಯಲ್ಲಿ ಕೈಕೊಟ್ಟರೆ ನನ್ನ ಪ್ರಯಾಣ ನಿಂತುಹೋಗುತ್ತದಾ? ಟೂತ್‌ಬ್ರಷ್ ಮುರಿದರೆ ಯಾವ ಊರಿನಲ್ಲಾದರೂ ಇನ್ನೊಂದು ಸಿಗುತ್ತದೆ. ಟೀ ಶರ್ಟ್ ಹರಿದರೂ ಅಷ್ಟೇ. ಆದರೆ ಶೂ, ಬ್ಯಾಗಿನ ಜಿಪ್, ದಿನಾ ನುಂಗುವ ಮಾತ್ರೆ, ಕನ್ನಡಕ, ಕಾಗದಪತ್ರ ಕೈಕೊಟ್ಟರೆ ಅವತ್ತಿನ ದಿನ ಅಲ್ಲಿಗೇ ಮುಗಿಯಿತು. ನಿಮ್ಮ ದುಡ್ಡು, ಗಮನ ಎರಡೂ ಇವುಗಳ ಮೇಲಿರಲಿ. ಉಳಿದದ್ದಕ್ಕೆ ಮನೆಯಲ್ಲಿ ಇರೋದೇ ಸಾಕು.

ಶೂ ವಿಷಯ ಮೊದಲು ಹೇಳುತ್ತೇನೆ, ಯಾಕಂದರೆ ನಾನು ಜಾಸ್ತಿ ಒದ್ದಾಡಿದ್ದು ಅದರಲ್ಲೇ. ಒಳ್ಳೇ ಟ್ರೆಕ್ಕಿಂಗ್ ಶೂ ಕೊಂಡು, ನಾಲ್ಕೈದು ಸಲ ಹಾಕಿ, ಜೋಪಾನವಾಗಿ ಡಬ್ಬಿಯಲ್ಲಿ ಇಟ್ಟಿದ್ದೆ. ಆರು ವರ್ಷ ಆದಮೇಲೆ ಅದನ್ನೇ ಹಾಕಿಕೊಂಡು ಬೆಟ್ಟಕ್ಕೆ ಹೋದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಬಲಗಾಲಿನ ಹಿಮ್ಮಡಿ ಒದ್ದೆ ಸ್ಪಂಜಿನ ಮೇಲೆ ಇಟ್ಟ ಹಾಗೆ ಅನಿಸಿತು. ಬಗ್ಗಿ ನೋಡಿದರೆ ಶೂವಿನ ಅಟ್ಟೆ ಅರ್ಧ ಬಿಟ್ಟುಕೊಂಡು ನೇತಾಡುತ್ತಿದೆ. ಮಧ್ಯದ ಬೂದು ಬಣ್ಣದ ಪದರವನ್ನು ಬೆರಳಿನಿಂದ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಹಗ್ಗ ಸುತ್ತಿ ಕಟ್ಟಿಕೊಂಡು ಕುಂಟುತ್ತಾ ಕೆಳಗಿಳಿದೆ. ಅರ್ಧ ಗಂಟೆಯಲ್ಲಿ ಎಡಗಾಲಿನದೂ ಬಿಟ್ಟಿತು.

ಆಮೇಲೆ ತಿಳಿದದ್ದು, ಇದು ಬರೀ ನನ್ನೊಬ್ಬನ ಶೂ ಕಥೆ ಅಲ್ಲ. ಎಷ್ಟೋ ಶೂಗಳ ನಡುವಿನ ಮೆತ್ತನೆ ಪದರ ಪಾಲಿಯುರೆಥೇನ್‌ನಿಂದ ಮಾಡಿದ್ದು. ಗಾಳಿಯಲ್ಲಿರುವ ತೇವವೇ ವರ್ಷಗಟ್ಟಲೆ ಅದನ್ನು ಒಳಗಿಂದ ಒಡೆಯುತ್ತಾ ಹೋಗುತ್ತದೆ. ಹಾಕದೆ ಎತ್ತಿಟ್ಟರೂ ಹಾಳಾಗುತ್ತದೆ. ಆದ್ದರಿಂದ ಹಳೇ ಶೂ ಹಾಕಿಕೊಂಡು ಹೊರಡುವುದಾದರೆ ಆ ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ, ಶೂವನ್ನು ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೂ ಅದು ಬೆಟ್ಟಕ್ಕೆ ಬೇಡ. ಹೊಸದು ಕೊಳ್ಳುವುದಾದರೆ ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ನೀವು ಹಾಕೋ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದೆ ತಾಗಬಾರದು. ಹೊರಡೋಕೆ ಕನಿಷ್ಠ ಎರಡು ವಾರ ಮೊದಲೇ ಕೊಂಡು ದಿನಾ ಹಾಕಿ ನಡೆಯಿರಿ.

ಈಗ ಬ್ಯಾಗ್. ನಾನು ನೋಡಿದ ಮಟ್ಟಿಗೆ ಬ್ಯಾಗಿನ ಬಟ್ಟೆ ಹರಿಯೋದು ಅಪರೂಪ. ಹೋಗೋದು ಜಿಪ್, ಇಲ್ಲಾ ಭುಜದ ಪಟ್ಟಿ ಸೇರುವ ಹೊಲಿಗೆ. ಹಾಗಾಗಿ ಅಂಗಡಿಯಲ್ಲಿ ಬಣ್ಣ, ಪಾಕೆಟ್ ನೋಡೋ ಮುಂಚೆ ಜಿಪ್ ಹಿಡಿಯಿರಿ. ಒಂದೇ ಕೈಯಲ್ಲಿ ಎಳೆದು ಮೂಲೆ ತಿರುಗಿಸಿ. ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರೆ ತುಂಬಿದ ಬ್ಯಾಗಿನಲ್ಲಿ ಇನ್ನೂ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆಯುವ ಭಾಗದ ಹಿಂದೆ 5, 8, 10 ಅಂತ ಸಂಖ್ಯೆ ಇರಬಹುದು. ಅದು ಮುಚ್ಚಿದ ಹಲ್ಲುಗಳ ಅಗಲವನ್ನು ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ ಹೇಳುತ್ತದೆ. ದೊಡ್ಡ ಬ್ಯಾಗಿನ ಮುಖ್ಯ ಜಿಪ್ 8 ಅಥವಾ 10 ಇದ್ದರೆ ಒಳ್ಳೇದು. 5 ಹೊರಗಿನ ಸಣ್ಣ ಜೇಬಿಗೆ ಸಾಕು. ಜಪಾನಿನ ವೈಕೆಕೆ ಕಂಪನಿ 1934ರಿಂದ ಇದೇ ಕಸುಬಿನಲ್ಲಿದೆ, ಬ್ಯಾಗ್ ಯಾರದೇ ಇರಲಿ ಜಿಪ್ ಅವರದ್ದು ಇದ್ದರೆ ನನಗೆ ಅರ್ಧ ಧೈರ್ಯ.

ಇನ್ನೊಂದು ವಿಷಯ. ಸುರುಳಿ ಹಲ್ಲಿನ ನೈಲಾನ್ ಜಿಪ್ ಬಾಯಿಬಿಟ್ಟರೂ ಹಿಂದಕ್ಕೆ ಎಳೆದು ಮತ್ತೆ ಮುಚ್ಚಿದರೆ ಬಹಳ ಸಲ ಸರಿಹೋಗುತ್ತದೆ. ಮತ್ತೆ ಮತ್ತೆ ಬಿಟ್ಟುಕೊಂಡರೆ ಎಳೆಯುವ ತುಂಡು ಸವೆದು ಸಡಿಲವಾಗಿದೆ ಅಂತ ಅರ್ಥ. ಇಕ್ಕಳದಿಂದ ಅದರ ಎರಡೂ ಬದಿಯನ್ನು ಒಂಚೂರು ಅದುಮಿದರೆ ಪ್ರಯಾಣ ಮುಗಿಯುವವರೆಗೆ ಬರುತ್ತದೆ. ಬಿಡಿಬಿಡಿ ಪ್ಲಾಸ್ಟಿಕ್ ಹಲ್ಲಿನ ಜಿಪ್‌ನಲ್ಲಿ ಒಂದು ಹಲ್ಲು ಮುರಿದರೂ ಕಷ್ಟ. ಆದರೆ ಸುರುಳಿ ಜಿಪ್‌ಗೂ ಒಂದು ಕೊರತೆ ಇದೆ. ಬೀಗ ಹಾಗೇ ಇದ್ದರೂ ಒಂದು ಬಾಲ್ ಪೆನ್ ಚುಚ್ಚಿ ಅದನ್ನು ತೆರೆಯಬಹುದು. ಬೆಲೆಬಾಳುವ ಯಾವುದನ್ನೂ ಬೀಗ ನಂಬಿ ದೊಡ್ಡ ಬ್ಯಾಗಿನಲ್ಲಿ ಇಡಬೇಡಿ.

ಬಟ್ಟೆಯ ಬಗ್ಗೆ ಚೀಟಿಯಲ್ಲಿ 210ಡಿ, 420ಡಿ, 1000ಡಿ ಅಂತ ಬರೆದಿರುತ್ತಾರೆ. ಅದು ಡೆನಿಯರ್, ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ. ಸಂಖ್ಯೆ ಜಾಸ್ತಿ ಆದಷ್ಟೂ ನೂಲು ದಪ್ಪ, ಬ್ಯಾಗೂ ಭಾರ. ನಿಮ್ಮಂಥ ಪ್ರಯಾಣಕ್ಕೆ 420 ನೈಲಾನ್ ಧಾರಾಳ. ಚೀಟಿಗಿಂತ ಮುಖ್ಯ, ಬ್ಯಾಗಿನ ಒಳಗನ್ನು ಹೊರಗೆ ಮಾಡಿ ನೋಡಿ. ಹೊಲಿಗೆಯ ಅಂಚಿಗೆ ಪಟ್ಟಿ ಕೂಡಿಸಿದ್ದಾರಾ, ಇಲ್ಲಾ ನೂಲು ಹಾಗೇ ಬಿಟ್ಟುಕೊಂಡಿದೆಯಾ? ಭುಜದ ಪಟ್ಟಿ ಸೇರುವ ಕಡೆ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಗಟ್ಟಿ ಕಟ್ಟು ಇದೆಯಾ? ಅಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ ಆ ಬ್ಯಾಗ್ ಬಿಡಿ.

ಬೆನ್ನಿಗೆ ಹೇಗೆ ಕೂರುತ್ತದೆ ಅನ್ನೋದನ್ನು ಖಾಲಿ ಬ್ಯಾಗ್ ಹಾಕಿ ತಿಳಿಯೋಕಾಗಲ್ಲ. ಎಂಟು ಹತ್ತು ಕೆಜಿ ತುಂಬಿಸಿ ಹಾಕಿಕೊಳ್ಳಿ. ಕೇಳೋಕೆ ಸಂಕೋಚ ಬೇಡ, ಬೆನ್ನು ನಿಮ್ಮದು ಅಲ್ವಾ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬಿಗಿದ ಮೇಲೆ ಭುಜದ ಭಾರ ತಟ್ಟನೆ ಕಡಿಮೆಯಾಗಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಅಳತೆ ತೆಗೆಯಿರಿ. ಬ್ಯಾಗಿನ ಅಳತೆ ಹೊಂದಬೇಕಾದ್ದು ಅದಕ್ಕೆ, ನಿಮ್ಮ ಎತ್ತರಕ್ಕಲ್ಲ.

ಬೆಟ್ಟ ಇರೋದರಿಂದ ನಿಮಗೆ ಬ್ಯಾಕ್‌ಪ್ಯಾಕೇ ಸರಿ. ಸೂಟ್‌ಕೇಸ್ ಬಗ್ಗೆ ಎರಡೇ ಮಾತು. ಗಟ್ಟಿ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ಎರಡು ಥರದ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ: ಪಾಲಿಕಾರ್ಬೊನೇಟ್ ಬಡಿದರೆ ತಗ್ಗಿ ಮತ್ತೆ ಏಳುತ್ತದೆ, ಎಬಿಎಸ್ ಬಿರುಕು ಬಿಡುವುದು ಜಾಸ್ತಿ. ಗಾಲಿಗಳನ್ನು ಸ್ಕ್ರೂ ಹಾಕಿ ಕೂಡಿಸಿದ್ದರೆ ಮುರಿದಾಗ ಬದಲಿಸಬಹುದು.

ವಿಮಾನದ ಒಳಗೆ ಒಯ್ಯುವ ಬ್ಯಾಗಿಗೆ ಬಹಳ ಕಂಪನಿಗಳು ಇಡುವ ಮಿತಿ ಹತ್ತಿರ ಹತ್ತಿರ 55 x 40 x 20 ಸೆಂಟಿಮೀಟರ್. ಗಾಲಿ, ಹಿಡಿ ಎಲ್ಲ ಸೇರಿಸಿ. ತೂಕ ಎಷ್ಟೋ ಕಡೆ 7 ಕೆಜಿ. ನಿಮ್ಮ ಟಿಕೆಟಿನಲ್ಲಿ ಏನಿದೆ ನೋಡಿಕೊಳ್ಳಿ. ಖಾಲಿ ಬ್ಯಾಗೇ 3 ಕೆಜಿ ಇದ್ದರೆ ನಿಮಗೆ ಉಳಿಯೋದು ನಾಲ್ಕೇ ಕೆಜಿ.

ಪವರ್ ಬ್ಯಾಂಕ್ ಬಗ್ಗೆ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಯಾವಾಗಲೂ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಬಿಡುವುದಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಸಿಬ್ಬಂದಿ ಕಣ್ಣಿಗೆ ಬೀಳುತ್ತದೆ, ಆರಿಸಬಹುದು. ಕೆಳಗಿನ ಲಗೇಜಿನ ನಡುವೆ ಯಾರಿಗೂ ಕೈಗೆಟಕುವುದಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್ ಅವರ್, ಅಂದರೆ ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನೋ ಅಳತೆ. ಲೆಕ್ಕ ಸುಲಭ: 20,000 ಎಂಎಎಚ್ ಅಂದರೆ 20 ಆಂಪಿಯರ್ ಅವರ್, ಅದನ್ನು ಒಳಗಿನ ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್ ಅವರ್. ಆರಾಮಾಗಿ ಮಿತಿಯೊಳಗಿದೆ. ಅದರ ಮೇಲಿನ ಅಕ್ಷರ ಉಜ್ಜಿಹೋಗಿ ಓದೋಕೆ ಬರದಿದ್ದರೆ ತಪಾಸಣೆಯಲ್ಲಿ ತೆಗೆದಿಡಬಹುದು. ಊದಿಕೊಂಡ ಪವರ್ ಬ್ಯಾಂಕ್ ಇದ್ದರೆ ದಯವಿಟ್ಟು ಒಯ್ಯಲೇಬೇಡಿ.

ಬೇರೆ ದೇಶಕ್ಕೆ ಹೋಗುವುದಾದರೆ, ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಇದ್ದರೆ ಎಲ್ಲ ಕಡೆ ನಡೆಯುತ್ತದೆ. ಹೇರ್ ಡ್ರೈಯರ್, ನೀರು ಕಾಯಿಸುವ ಕಾಯಿಲ್ ಥರದವು ಸಾಮಾನ್ಯವಾಗಿ ಒಂದೇ ವೋಲ್ಟೇಜಿಗೆ ಮಾಡಿದವು, ಮನೆಯಲ್ಲೇ ಬಿಡಿ.

ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಪೂರ್ತಿ ಪ್ರಯಾಣಕ್ಕೆ ಆಗಿ ಇನ್ನೂ ನಾಲ್ಕು ದಿನಕ್ಕೆ ಉಳಿಯುವಷ್ಟು ಇಟ್ಟುಕೊಳ್ಳಿ, ಅದರ ಸ್ಟ್ರಿಪ್ಪಿನಲ್ಲೇ, ಕೈಚೀಲದಲ್ಲೇ. ವೈದ್ಯರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಕಂಪನಿ ಹೆಸರು ಊರಿಂದ ಊರಿಗೆ ಬದಲಾಗುತ್ತದೆ, ಮೂಲ ಹೆಸರು ಸಾಮಾನ್ಯವಾಗಿ ಬದಲಾಗುವುದಿಲ್ಲ. ಓಆರ್‌ಎಸ್ ಪುಡಿ ಮೂರು ನಾಲ್ಕು ಪೊಟ್ಟಣ ಇರಲಿ. ಪೊಟ್ಟಣದ ಮೇಲೆ ಒಂದು ಲೀಟರ್ ಅಂತ ಇದ್ದರೆ ಒಂದು ಲೀಟರ್ ನೀರಿಗೇ ಕಲಸಬೇಕು. ಬೇಗ ಗುಣ ಆಗಲಿ ಅಂತ ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಜಾಸ್ತಿಯಾಗಿ ತೊಂದರೆ ಆಗುತ್ತದೆ. ಕಾಲಿನ ಬೊಬ್ಬೆಗೆ ಅಂಟಿಸುವ ಟೇಪನ್ನು ಉರಿ ಶುರುವಾದ ತಕ್ಷಣ ಹಾಕಿ, ಬೊಬ್ಬೆ ಎದ್ದ ಮೇಲೆ ಅಲ್ಲ.

ಬಟ್ಟೆ ಮೂರು ಜೊತೆ ಸಾಕು. ಒಂದು ಮೈಮೇಲೆ, ಒಂದು ಒಣಗ್ತಾ, ಒಂದು ಬ್ಯಾಗಿನಲ್ಲಿ. ಜೀನ್ಸ್ ಬೇಡ, ಭಾರ, ಒಣಗೋದೂ ಇಲ್ಲ. ಒಗೆದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಹಿಂಡಿದರೆ ಬೆಳಿಗ್ಗೆ ಹೊತ್ತಿಗೆ ಹಾಕಿಕೊಳ್ಳುವಂತಾಗುತ್ತದೆ.

ಮಳೆಗೆ ಎಲ್ಲರೂ ರೇನ್ ಕವರ್ ಕೊಳ್ಳುತ್ತಾರೆ. ನಾನೂ ಕೊಂಡೆ. ಆದರೆ ಕವರ್ ಬ್ಯಾಗಿನ ಹೊರಮೈ ಮಾತ್ರ ಮುಚ್ಚುತ್ತದೆ. ನಿಮ್ಮ ಬೆನ್ನಿನ ಮೇಲೆ ಇಳಿದ ನೀರು ಬ್ಯಾಗಿನ ಹಿಂಭಾಗದಿಂದ ಒಳಗೆ ಹೋಗುತ್ತದೆ. ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಎಲ್ಲವನ್ನೂ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿಟ್ಟರೆ ಎಂಥ ಮಳೆಗೂ ಭಯವಿಲ್ಲ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ನನ್ನ ಹತ್ತಿರ ಇನ್ನೊಂದಿಲ್ಲ. ತುಂಬುವಾಗ ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡು, ಬೆನ್ನಿನ ಮಧ್ಯದ ಮಟ್ಟಕ್ಕೆ ಬರಲಿ. ಹೊರಗಿನ ಜೇಬಿನಲ್ಲಿ ಭಾರ ಇಟ್ಟರೆ ಬ್ಯಾಗ್ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ರಿಪೇರಿಗೆ ಅಂತ ಒಂದು ಸಣ್ಣ ಪೊಟ್ಟಣ ಇರಲಿ: ದಪ್ಪ ಸೂಜಿ, ಹಲ್ಲಿನ ಸಂದು ಉಜ್ಜುವ ಫ್ಲಾಸ್ ದಾರ, ನಾಲ್ಕು ಸೇಫ್ಟಿ ಪಿನ್, ಪೆನ್ನಿಗೆ ಸುತ್ತಿದ ಎರಡು ಮಾರು ಡಕ್ಟ್ ಟೇಪ್, ಮೂರು ಮೀಟರ್ ಹಗ್ಗ. ಫ್ಲಾಸ್ ಯಾಕೆ ಅಂತ ಕೇಳಬಹುದು. ಮಾಮೂಲಿ ದಾರಕ್ಕಿಂತ ಅದು ಎಷ್ಟೋ ಗಟ್ಟಿ. ಒಮ್ಮೆ ಬಸ್ಸಿನ ಮೇಲಿಂದ ಬ್ಯಾಗ್ ಇಳಿಸುವಾಗ ಭುಜದ ಪಟ್ಟಿ ಕಿತ್ತುಬಂತು. ನಿಲ್ದಾಣದ ಬೆಂಚಿನ ಮೇಲೆ ಕೂತು ಫ್ಲಾಸಿನಿಂದ ಇಪ್ಪತ್ತು ಹೊಲಿಗೆ ಹಾಕಿದೆ. ಮೂರು ವರ್ಷ ಆಯಿತು, ಆ ಹೊಲಿಗೆ ಇನ್ನೂ ಹಾಗೇ ಇದೆ.

ಬ್ಯಾಗನ್ನು ವಿಮಾನದವರ ಕೈಗೆ ಕೊಡೋ ಮುಂಚೆ ಅದರದೊಂದು ಫೋಟೋ ತೆಗೆದುಕೊಳ್ಳಿ, ಒಳಗಿನ ಸಾಮಾನಿನದೂ ಒಂದು. ಬ್ಯಾಗ್ ಬರದಿದ್ದರೆ ಅಥವಾ ಮುರಿದಿದ್ದರೆ ನಿಲ್ದಾಣ ಬಿಡೋ ಮೊದಲೇ ಅಲ್ಲಿನ ಕೌಂಟರಿನಲ್ಲಿ ದೂರು ಬರೆಸಿ, ಪ್ರತಿ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಕಡೆ, ಹಾಳಾದ ಬ್ಯಾಗಿಗೆ ಅದು ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಬಂದರೆ ಲೆಕ್ಕಕ್ಕಿಲ್ಲ.

ಹೊರಡೋಕೆ ಒಂದು ವಾರ ಇರುವಾಗ ಎಲ್ಲವನ್ನೂ ನಿಜವಾಗಿ ತುಂಬಿ, ಹೊಸ ಶೂ ಹಾಕಿಕೊಂಡು, ಒಂದು ಗಂಟೆ ನಡೆದು ಬನ್ನಿ. ನಾಲ್ಕು ಮಹಡಿ ಮೆಟ್ಟಿಲೂ ಹತ್ತಿ ಇಳಿಯಿರಿ. ಮಧ್ಯೆ ಎಲ್ಲಾದರೂ ನಿಂತು, ಕತ್ತಲಲ್ಲಿ ಇದ್ದೀನಿ ಅಂದುಕೊಂಡು ಟಾರ್ಚ್ ಮತ್ತು ಮಳೆಕೋಟು ಹುಡುಕಿ ತೆಗೆಯಿರಿ. ಮನೆಗೆ ಬಂದು ಬ್ಯಾಗನ್ನು ಮಂಚದ ಮೇಲೆ ಸುರಿದು ಇನ್ನೊಮ್ಮೆ ನೋಡಿ. ನಾನು ಕಳೆದ ಸಲ ಹೀಗೆ ಮಾಡಿದಾಗ ಹೊರಗೆ ಉಳಿದದ್ದು ಒಂದು ದಪ್ಪ ಪುಸ್ತಕ, ಟ್ರೈಪಾಡ್, ಎರಡನೇ ಜೊತೆ ಚಪ್ಪಲಿ. ತೂಗಿ ನೋಡಿದೆ, ಎರಡು ಕೆಜಿಗೆ ಸ್ವಲ್ಪ ಜಾಸ್ತಿಯೇ ಇತ್ತು.