ಕೊಡೆ ಹಿಡಿದ ಕೈ ಬಿಡದೆ ದೊಡ್ಡ ಫೋನ್

ಮಡಿಕೇರಿ ಮಳೆಯಲ್ಲಿ ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ 6.7 ಇಂಚಿನ ಸ್ಯಾಮ್‌ಸಂಗ್, ಹೆಬ್ಬೆರಳು ಮೇಲಿನ ತುದಿಗೆ ಎಟಕುತ್ತಿಲ್ಲ ಎಂದಿದ್ದೀರಿ. ನಾನೂ ಸೋಮವಾರಪೇಟೆ ಕಡೆಯವನು, ಜೂನ್ ಹಿಡಿದರೆ ನನಗೂ ಇದೇ ಪಾಡು.

ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಫೀಚರ್ಸ್‌ನಲ್ಲಿ ಒನ್-ಹ್ಯಾಂಡೆಡ್ ಮೋಡ್ ಇದೆ, ಆನ್ ಮಾಡಿ. ಅಲ್ಲೇ ಗೆಸ್ಚರ್ ಆರಿಸಿಕೊಂಡರೆ, ಪರದೆಯ ಕೆಳ ಅಂಚಿನ ನಡುವೆ ಬೆರಳಿಟ್ಟು ಕೆಳಕ್ಕೆ ಎಳೆದಾಗ ಇಡೀ ಪರದೆ ಚಿಕ್ಕದಾಗಿ ಒಂದು ಮೂಲೆಗೆ ಬರುತ್ತದೆ. ಬಾಣದ ಗುರುತು ಮುಟ್ಟಿದರೆ ಎಡಗೈ ಕಡೆಗೂ ಸರಿಯುತ್ತದೆ. ಎರಡು ದಿನ ಕಿರಿಕಿರಿ ಅನಿಸಬಹುದು, ಬಿಡಬೇಡಿ.

ಟೈಪಿಂಗ್‌ಗೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಇದ್ದರೆ ಅಲ್ಪವಿರಾಮದ ಕೀ ಒತ್ತಿ ಹಿಡಿದು, ಕೈಯ ಚಿತ್ರಕ್ಕೆ ಬೆರಳು ಜಾರಿಸಿ. ಕೀಬೋರ್ಡ್ ಒಂದು ಬದಿಗೆ ಒತ್ತಿಕೊಳ್ಳುತ್ತದೆ. ಆದರೆ ಪರದೆ ಮೇಲೆ ಹನಿ ಬಿದ್ದರೆ ಅದಕ್ಕೆ ನೀರು ಯಾವುದು, ಬೆರಳು ಯಾವುದು ಎಂದು ಸರಿಯಾಗಿ ತಿಳಿಯುವುದಿಲ್ಲ. ಆಗ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿಬಿಡಿ, ನಾನು ತೋಟದಿಂದ ಮನೆಗೆ ಸುದ್ದಿ ಕಳಿಸುವುದು ಹಾಗೆಯೇ.

ಫೋನಿನ ಭಾರವನ್ನು ಕಿರುಬೆರಳ ಮೇಲೆ ಹೊರಿಸಬೇಡಿ, ನೋವು ಬರುತ್ತದೆ. ಕವರಿಗೆ ಮಣಿಕಟ್ಟಿನ ದಾರ ಕಟ್ಟಿ. ಕಾಫಿ ಕಣದ ಸಿಮೆಂಟಿನ ಮೇಲೆ ನನ್ನ ಫೋನ್ ಬಿದ್ದು ಗಾಜು ಒಡೆದ ಮೇಲೆ ನಾನು ಕಟ್ಟಿದ್ದು. ನೀವು ಮೊದಲೇ ಕಟ್ಟಿಕೊಳ್ಳಿ.